ಚಿನ್ನದ ಊರಿನ ಹೆಮ್ಮೆಯೂ ನಮ್ಮ ಮರೆವೂ

೧

ಮಾರಿಕುಪ್ಪಂನಿಂದ ಬೆಳಗಿನ ಜಾವ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಒಮ್ಮೆ ಕೂತು ನೋಡಬೇಕು, ಕೂರಲು ಜಾಗ ಸಿಕ್ಕರೆ. ಇನ್ನೂ ಕತ್ತಲು ಹರಿದಿರುವುದಿಲ್ಲ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಅಂತ ಒಂದೊಂದು ನಿಲ್ದಾಣದಲ್ಲೂ ಜನ ಹತ್ತುತ್ತಲೇ ಇರುತ್ತಾರೆ. ತೊಡೆಯ ಮೇಲೆ ಊಟದ ಡಬ್ಬಿ, ಕಿಟಕಿಗೆ ಒರಗಿದ ತಲೆ. ಕಸ ಗುಡಿಸುವವರು, ಕಾವಲು ಕಾಯುವವರು, ಬಣ್ಣ ಬಳಿಯುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಂಪ್ಯೂಟರ್ ಕಲಿತ ಹುಡುಗರು. ರಾತ್ರಿ ಮತ್ತೆ ಇದೇ ರೈಲಿನಲ್ಲಿ ವಾಪಸು. ಇವರ ಅಜ್ಜಂದಿರು ಹೊತ್ತು ಹುಟ್ಟುವ ಮೊದಲು ಗಣಿಗಿಳಿದು, ಹೊತ್ತು ಮುಳುಗಿದ ಮೇಲೆ ಮೇಲಕ್ಕೆ ಬರುತ್ತಿದ್ದರು. ಮೊಮ್ಮಕ್ಕಳು ಹೊತ್ತು ಹುಟ್ಟುವ ಮೊದಲು ರೈಲು ಹತ್ತಿ, ಹೊತ್ತು ಮುಳುಗಿದ ಮೇಲೆ ಇಳಿಯುತ್ತಾರೆ.

ಈ ರೈಲಿನಲ್ಲಿ ನಾವು ಕೇಳಿಸಿಕೊಂಡ ಒಂದು ಮಾತಿನಿಂದ ಈ ಬರಹ ಶುರುವಾಗಿದೆ. ಬಂಗಾರಪೇಟೆಯಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದ ಹುಡುಗನನ್ನು ಕೇಳಿದರು: "ಯಾವೂರಪ್ಪ?" "ಕೆ.ಜಿ.ಎಫ್ ಸಾರ್." "ಓಹೋ, ರಾಕಿ ಭಾಯ್ ಊರು!" ಹುಡುಗ ನಕ್ಕ. ಅದು ಬರೀ ನಾಚಿಕೆಯ ನಗೆಯಲ್ಲ, ಅದರಲ್ಲಿ ಹೆಮ್ಮೆಯೂ ಇತ್ತು.

ಆ ಹೆಮ್ಮೆಯನ್ನು ಗೇಲಿ ಮಾಡಲು ನಾವು ಕೂತಿಲ್ಲ. ಮೊದಲೇ ಹೇಳಿಬಿಡುತ್ತೇವೆ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಮೇಲೆ ಈ ಊರಿನ ಹೆಸರು ಹೇಳಿದರೆ ಎದುರಿಗಿದ್ದವರು ಏನನ್ನುತ್ತಿದ್ದರು? 'ಪಾಪ, ಸತ್ತ ಊರು' ಎನ್ನುತ್ತಿದ್ದರು. ಇಲ್ಲದಿದ್ದರೆ 'ತಮಿಳರ ಊರಾ, ಗಲಾಟೆ ಊರಾ' ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ ಊರಿನ ಹೆಸರನ್ನು ನುಂಗಿಕೊಂಡು ಬದುಕಿದ ಒಂದು ತಲೆಮಾರೇ ಇಲ್ಲಿದೆ. ಅಂಥ ಊರಿನ ಹುಡುಗನಿಗೆ ಊರಿನ ಹೆಸರು ಹೇಳಿದ ಕೂಡಲೇ ಎದುರಿನವರ ಕಣ್ಣು ಅರಳುವುದು ಸಣ್ಣ ಸಂಗತಿ ಅಲ್ಲ. ಹೆಸರಿಲ್ಲದೆ ಬದುಕಿದವರಿಗೆ ಹೆಸರಿನ ಬೆಲೆ ಗೊತ್ತು. ದಲಿತರಾದ ನಮಗಂತೂ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಪ್ರಶ್ನೆ ಬೇರೆ. ಈಗ ಸಿಕ್ಕಿರುವ ಹೆಸರು ಯಾರದು? ಆ ಹೆಸರಿನ ಹಿಂದೆ ಯಾರ ಕಥೆ ಇದೆ, ಯಾರ ಕಥೆ ಇಲ್ಲ?

೨

ಕೆ.ಜಿ.ಎಫ್ ಬಗ್ಗೆ ಇವತ್ತು ಚಲಾವಣೆಯಲ್ಲಿರುವ ಹೆಮ್ಮೆ ಮೂರು ಬಗೆಯದು. ಒಂದು, ಹಳೆಯ 'ಪುಟ್ಟ ಇಂಗ್ಲೆಂಡ್' ಹೆಮ್ಮೆ. ಎರಡು, ಸಿನಿಮಾದ ಹೆಮ್ಮೆ. ಮೂರು, 'ಊರು ಮತ್ತೆ ಏಳುತ್ತಿದೆ' ಎಂಬ ಹೆಮ್ಮೆ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಹಳೇ ಫೋಟೋಗಳ ಹೆಮ್ಮೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ, ಕ್ರಿಸ್‌ಮಸ್ ನೃತ್ಯ. ಇದರ ಕಿರೀಟಮಣಿ ಎಂದರೆ ವಿದ್ಯುತ್ತಿನ ಕಥೆ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ಕರೆಂಟು ತಂದರು. ಬೆಂಗಳೂರಿಗೆ ದೀಪ ಬಂದದ್ದು ೧೯೦೫ರಲ್ಲಿ, ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲು ನಮ್ಮೂರು ಬೆಳಗಿತು ಅಂತ ಊರಿನವರು ಹೇಳಿಕೊಳ್ಳುತ್ತಾರೆ. ನಿಜ. ಆದರೆ ಆ ಕರೆಂಟು ಬಂದದ್ದು ಯಾಕೆ? ಜನ ಓದಲಿ ಬರೆಯಲಿ ಅಂತಲ್ಲ. ಕಲ್ಲು ಅರೆಯುವ ಯಂತ್ರ ತಿರುಗಲಿ, ಗಣಿಯ ನೀರು ಮೇಲಕ್ಕೆ ಬರಲಿ, ಚಿನ್ನ ಲಂಡನ್ನಿಗೆ ಹೋಗಲಿ ಅಂತ. ದೀಪ ಬಂಗಲೆಯಲ್ಲಿ ಉರಿಯಿತು. ಕೂಲಿಯವನು ಇದ್ದದ್ದು ಬಿದಿರು ತಟ್ಟಿಯ ಗುಡಿಸಲಲ್ಲಿ. ನಾಲ್ಕು ಕಡೆ ತಟ್ಟಿ, ಒಂದೇ ಗೂಡು, ಅದರೊಳಗೆ ಇಡೀ ಸಂಸಾರ. ರಾಜಧಾನಿಗಿಂತ ಮೊದಲು ದೀಪ ಕಂಡ ಊರಿನಲ್ಲಿ ದೀಪ ಹೊತ್ತಿಸಲು ದುಡಿದವನು ಕತ್ತಲೆಯಲ್ಲೇ ಉಳಿದ. ಇದು ಹೆಮ್ಮೆಯ ಕಥೆಯಾಗುವುದಾದರೂ ಹೇಗೆ?

ಊರಿನ ಹುಟ್ಟಿನ ಕಥೆಯನ್ನೂ ಹೀಗೆಯೇ ಹೇಳುತ್ತಾರೆ. ಲವೆಲ್ ಎಂಬ ಐರಿಷ್ ಸಿಪಾಯಿ ಚಿನ್ನದ ಜಾಡು ಹಿಡಿದು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಲವೆಲ್‌ನ ಹೆಸರಿನಲ್ಲಿ ಬೆಂಗಳೂರಿನಲ್ಲಿ ಇವತ್ತಿಗೂ ಒಂದು ರಸ್ತೆ ಇದೆ, ದುಬಾರಿ ರಸ್ತೆ. ಊರಿನ ಪೇಟೆಗಳಿಗೂ ರಾಬರ್ಟ್‌ಸನ್, ಆಂಡರ್‌ಸನ್ ಎಂಬ ಸಾಹೇಬರ ಹೆಸರು. ಆದರೆ ಕಲ್ಲು ಕೊರೆದವರು ಯಾರು? ಉತ್ತರ ಆರ್ಕಾಡಿನಿಂದ, ಚಿತ್ತೂರು ಕಡೆಯಿಂದ ಬರಗಾಲಕ್ಕೂ ಜಮೀನ್ದಾರನಿಗೂ ಹೆದರಿ ಬಂದವರು. ಅವರಲ್ಲಿ ಬಹುಪಾಲು ಅಸ್ಪೃಶ್ಯರು. ಹುಟ್ಟಿದ ಹಳ್ಳಿಯಲ್ಲಿ ಬಾವಿಯ ನೀರು ಮುಟ್ಟುವಂತಿಲ್ಲ, ಬೀದಿಯಲ್ಲಿ ಚಪ್ಪಲಿ ಹಾಕುವಂತಿಲ್ಲ. ಇಲ್ಲಿ ಬಂದರೆ ತಿಂಗಳಿಗೆ ಕೈಗೆ ಕಾಸು, ತಲೆ ಎತ್ತಿ ನಡೆಯುವುದಕ್ಕೆ ಒಂದು ರಸ್ತೆ. ಅದಕ್ಕೇ ಸಾವು ಗ್ಯಾರಂಟಿ ಅಂತ ಗೊತ್ತಿದ್ದೂ ಭೂಮಿಯ ಹೊಟ್ಟೆಗೆ ಇಳಿದರು. ಜಾತಿಗಿಂತ ಗಣಿಯೇ ವಾಸಿ ಅನ್ನಿಸುವಂತೆ ಮಾಡಿದ ಸಮಾಜ ಎಂಥದ್ದು ಅಂತ ಈ ಫೋಟೋಗಳು ಹೇಳುವುದಿಲ್ಲ.

ಇಳಿದ ಮೇಲೆ ಏನಾಯಿತು? ಗಣಿ ಮೂರು ಕಿಲೋಮೀಟರಿಗೂ ಆಳ. ಆ ಆಳದಲ್ಲಿ ಬಂಡೆಯೇ ಬೆಂಕಿಯಂತೆ ಸುಡುತ್ತದೆ. ಮೇಲಿನ ಭಾರ ತಡೆಯಲಾರದೆ ಬಂಡೆ ಸಿಡಿಯುತ್ತದೆ. ಸಿಡಿದಾಗ ಮೇಲಿನ ಮನೆಗಳ ಪಾತ್ರೆ ಅಲುಗುತ್ತಿತ್ತು, ಆ ಸದ್ದಿಗೆ ಹೆಂಗಸರು ಷಾಫ್ಟಿನ ಕಡೆ ಓಡುತ್ತಿದ್ದರು. ಸಿಡಿತದಿಂದ ತಪ್ಪಿಸಿಕೊಂಡವನನ್ನು ಧೂಳು ಹಿಡಿಯುತ್ತಿತ್ತು. ೧೯೪೦ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಉಸಿರನ್ನೇ ಕಲ್ಲು ಮಾಡುವ ರೋಗ ಅದು. ನೂರಿಪ್ಪತ್ತು ವರ್ಷಗಳಲ್ಲಿ ಈ ಊರು ಸುಮಾರು ೮೦೦ ಟನ್ ಚಿನ್ನ ಕೊಟ್ಟಿತು ಅಂತ ಲೆಕ್ಕ ಇದೆ. ಎಷ್ಟು ಶ್ವಾಸಕೋಶ ತೆಗೆದುಕೊಂಡಿತು ಅಂತ ಯಾರೂ ಹಾಗೆ ಒಟ್ಟು ಹಾಕಿ ಹೇಳಿಕೊಂಡು ತಿರುಗುವುದಿಲ್ಲ. ಷಿಫ್ಟ್ ಮುಗಿಸಿ ಮೇಲೆ ಬಂದವನ ಮೈ ತಪಾಸಣೆ ಮಾಡುತ್ತಿದ್ದರು, ಚಿನ್ನ ಕದ್ದಿದ್ದಾನೋ ಅಂತ. ಅವನ ಆಯಸ್ಸು ಕದ್ದವರ ಮೈ ತಪಾಸಣೆ ಎಲ್ಲೂ ನಡೆಯಲಿಲ್ಲ.

ಹಾಗಾದರೆ ಆ ಬಂಗಲೆ, ಆ ಇಗರ್ಜಿ ಬೇಡವೇ? ಇರಲಿ. ಊರಿನ ಚರಿತ್ರೆಯಲ್ಲಿ ಅದೂ ಒಂದು ಭಾಗ. ಆದರೆ ಮಾಲೀಕನ ಅಂಗಳದಲ್ಲಿ ನಿಂತು ತೆಗೆಸಿಕೊಂಡ ಫೋಟೋ ನಮ್ಮ ಮನೆಯ ಫೋಟೋ ಆಗುವುದಿಲ್ಲ.

೩

ಈಗ ಸಿನಿಮಾದ ಮಾತು. 'ಕೆ.ಜಿ.ಎಫ್' ಚಿತ್ರದ ಮೊದಲ ಭಾಗ ೨೦೧೮ರ ಡಿಸೆಂಬರ್ ೨೧ರಂದು ಬಂತು, ಎರಡನೆಯದು ೨೦೨೨ರ ಏಪ್ರಿಲ್ ೧೪ರಂದು. ಎರಡನೇ ಭಾಗ ಜಗತ್ತಿನಾದ್ಯಂತ ಸಾವಿರ ಕೋಟಿ ರೂಪಾಯಿಗೂ ಮೀರಿ ಗಳಿಸಿತು. ಕನ್ನಡ ಚಿತ್ರವೊಂದು ದೇಶದ ಮೂಲೆಮೂಲೆಗೆ ಹೋದದ್ದು ಹೀಗೆ. ಊರಿನ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣ ನಡೆದದ್ದು ಎಲ್ಲರಿಗೂ ಗೊತ್ತು. ಆ ಬೂದು ಬಣ್ಣ, ಆ ಧೂಳು, ಗುದ್ದಲಿ ಹಿಡಿದ ಮಸಿ ಹತ್ತಿದ ಮುಖಗಳ ಗುಂಪು ಕಣ್ಣಿಗೆ ಕಟ್ಟುವಂತಿವೆ. ನಿರ್ದೇಶಕ ಪ್ರಶಾಂತ್ ನೀಲ್ ಅವರಿಗೆ ಕಸುಬು ಗೊತ್ತು. ಇದನ್ನು ಒಪ್ಪಿಕೊಂಡೇ ನಮ್ಮ ತಕರಾರು ಹೇಳುತ್ತೇವೆ.

ಚಿತ್ರದ ಕಥೆಯಲ್ಲಿ ಚಿನ್ನ ಸಿಗುವುದು ೧೯೫೧ರಲ್ಲಿ. ನಾಯಕ ಹುಟ್ಟಿದ್ದೂ ಅದೇ ಹೊತ್ತಿಗೆ. ನರಾಚಿ ಎಂಬ ಗುಟ್ಟಿನ ಗಣಿಯಲ್ಲಿ ಜನರನ್ನು ಜೀತಕ್ಕಿಟ್ಟಿದ್ದಾರೆ. ಅವರಿಗೆ ಹೆಸರಿಲ್ಲ, ಮಾತಿಲ್ಲ, ಆಸೆ ಇಲ್ಲ. ಯಾರೋ ಒಬ್ಬ ಬರುತ್ತಾನೆ ಅಂತ ಕಾಯುತ್ತಾ ಕೂತಿದ್ದಾರೆ. ಬಂದ. ಒಬ್ಬನೇ ಎಲ್ಲರನ್ನೂ ಹೊಡೆದ. ಜನ ಅವನನ್ನು ದೇವರು ಎಂದರು.

ಕಟ್ಟುಕಥೆ ತಾನೇ, ಇಷ್ಟು ಗಂಭೀರವಾಗಿ ಯಾಕೆ ತಗೋತೀರಿ ಅಂತ ಕೆಲವು ಗೆಳೆಯರು ಕೇಳುತ್ತಾರೆ. ಕಟ್ಟುಕಥೆ ಎಂದು ನಮಗೂ ಗೊತ್ತು. ಕಟ್ಟುವವನಿಗೆ ಸ್ವಾತಂತ್ರ್ಯ ಇದೆ. ಆದರೆ ಊರಿನ ನಿಜವಾದ ಹೆಸರನ್ನು ಇಟ್ಟುಕೊಂಡು, ಊರಿನ ನಿಜವಾದ ದಿಬ್ಬದ ಮೇಲೆ ನಿಂತು ಕಟ್ಟಿದಾಗ, ಆ ಹೆಸರಿನವರು ಏನು ಕಳಕೊಂಡರು ಎಂದು ಕೇಳುವ ಹಕ್ಕು ನಮಗೂ ಇದೆ. ದೇಶದ ಕೋಟಿಗಟ್ಟಲೆ ಜನಕ್ಕೆ ಕೆ.ಜಿ.ಎಫ್ ಎಂದರೆ ಇವತ್ತು ಗೊತ್ತಿರುವುದು ಇಷ್ಟೇ ಕಥೆ.

ಕಳಕೊಂಡದ್ದು ಏನು ನೋಡಿ. ಚಿನ್ನ ೧೯೫೧ರಲ್ಲಿ ಸಿಕ್ಕಿತು ಎಂದ ಕೂಡಲೇ ಅದಕ್ಕೂ ಹಿಂದಿನ ಎಪ್ಪತ್ತು ವರ್ಷ ಮಾಯವಾಯಿತು. ಬ್ರಿಟಿಷ್ ಕಂಪನಿ ಹೊತ್ತುಕೊಂಡು ಹೋದದ್ದು ಮಾಯವಾಯಿತು. ಜೊತೆಗೆ ಕಾರ್ಮಿಕರು ಮಾಡಿದ ಹೋರಾಟವೂ ಮಾಯವಾಯಿತು.

೧೯೩೦ರಲ್ಲಿ ಕಂಪನಿಯವರು ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡುತ್ತೇವೆ ಎಂದಾಗ ಏನಾಯಿತು ಗೊತ್ತೆ? ನಾವೇನು ಕಳ್ಳರೇ ಅಂತ ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಆಗ ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘ ಕಟ್ಟುವ ಕಾನೂನಿನ ಹಕ್ಕೂ ಇರಲಿಲ್ಲ. ದೊಡ್ಡ ನಾಯಕ ಅಂತ ಯಾರೂ ಇರಲಿಲ್ಲ. ರಾಕಿ ಭಾಯ್ ಬರಲಿಲ್ಲ. ಅಕ್ಷರ ಬಾರದ, ಊರಲ್ಲಿ ಅಸ್ಪೃಶ್ಯರೆನಿಸಿಕೊಂಡ ಜನ ತಾವೇ ಗಣಿ ನಿಲ್ಲಿಸಿದರು. ಕೂಲಿಯ ಜಗಳಕ್ಕಿಂತ ಮಾನದ ಜಗಳ ಅದು. ನಲವತ್ತರ ದಶಕದಲ್ಲಿ ಕೆಂಬಾವುಟದ ಸಂಘಗಳು ಬೆಳೆದವು. ೧೯೪೬ರ ನವೆಂಬರ್ ೪ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಿದ್ದರು. ಸ್ವಾತಂತ್ರ್ಯ ಬರಲು ಇನ್ನೂ ಒಂಬತ್ತು ತಿಂಗಳಿತ್ತು.

ಚಿತ್ರದಲ್ಲಿ ಜನ ಮೂಕರಾಗಿ ಜೀತ ಮಾಡುವ ಐವತ್ತರ ದಶಕದಲ್ಲಿ, ನಿಜವಾದ ಕೆ.ಜಿ.ಎಫ್‌ನಲ್ಲಿ ಅದೇ ಜನ ಸಂಘದ ಕಚೇರಿಯಲ್ಲಿ ಕೂತು ಚರ್ಚೆ ಮಾಡುತ್ತಿದ್ದರು, ಸಾಲುಗಟ್ಟಿ ವೋಟು ಹಾಕುತ್ತಿದ್ದರು. ೧೯೫೬ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಕಮ್ಯುನಿಸ್ಟರನ್ನೂ ಬಾಬಾಸಾಹೇಬರ ಹಾದಿಯ ರಿಪಬ್ಲಿಕನ್ ಪಕ್ಷದವರನ್ನೂ ಶಾಸನಸಭೆಗೆ ಕಳಿಸಿದ ಊರು ಇದು. ಕರ್ನಾಟಕದಲ್ಲಿ ಇಂಥ ಇನ್ನೊಂದು ಊರನ್ನು ಹುಡುಕಿ ನೋಡಿ.

ಇನ್ನೂ ಹಿಂದೆ ಹೋಗೋಣ. ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ್ದು ೧೯೫೬ರಲ್ಲಿ. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಗಣಿ ಕಾರ್ಮಿಕರು ಬುದ್ಧನ ಹೆಸರಲ್ಲಿ ಸೇರುತ್ತಿದ್ದರು. ೧೯೧೪ರಲ್ಲಿ ದಾಸರು ತೀರಿಕೊಂಡ ಮೇಲೆ ಅವರ ಬರಹಗಳು ಪುಸ್ತಕವಾಗಿ ಉಳಿದದ್ದರಲ್ಲಿ ಚಾಂಪಿಯನ್ ರೀಫಿನ ಸಿದ್ಧಾರ್ಥ ಪ್ರಕಾಶನದ ಪಾಲು ದೊಡ್ಡದು. ಕೂಲಿ ಕಾಸಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ ಜನ! ಇವತ್ತು ನಾವು ಒಂದು ಸಂಚಿಕೆ ತರಲು ಪಡುವ ಪಾಡು ನಮಗೆ ಗೊತ್ತು. ಹಗಲೆಲ್ಲ ಬಂಡೆ ಕೊರೆದು ಬಂದವರು ರಾತ್ರಿ ದೀಪದ ಬುಡದಲ್ಲಿ ಕೂತು ಜಾತಿಯ ಬುಡ ಅಗೆದರು. ಇದು ಸಿನಿಮಾ ಆಗಬಾರದೇ?

ಇಂಥ ಜನರನ್ನು ತೆಗೆದುಕೊಂಡು ಹೋಗಿ, ಅವತಾರ ಪುರುಷನಿಗೆ ಕಾಯುವ ಕುರಿಮಂದೆ ಮಾಡಿದರೆ ಅದು ಬರೀ ಕಲ್ಪನೆಯ ಸ್ವಾತಂತ್ರ್ಯ ಅಲ್ಲ. ನಮಗೆ ಚೆನ್ನಾಗಿ ಪರಿಚಯ ಇರುವ ಹಳೇ ಪುರಾಣದ ಧೋರಣೆ ಅದು. ದೀನರನ್ನು ಉದ್ಧರಿಸಲು ಯಾವಾಗಲೂ ಒಬ್ಬ ಮೇಲಿನಿಂದ ಇಳಿದು ಬರಬೇಕು. ದೀನರು ಮಾತ್ರ ದೀನರಾಗಿಯೇ ಇರಬೇಕು. ಎರಡನೇ ಭಾಗದಲ್ಲಿ ನಾಯಕನೇ ಗಣಿಯ ದೊರೆ ಆಗುತ್ತಾನೆ. ಜನ ಅವನಿಗಾಗಿ ಅಗೆಯುತ್ತಾರೆ, ಈ ಸಲ ಸಂತೋಷದಿಂದ! ಯಜಮಾನ ಬದಲಾದ, ಗುದ್ದಲಿ ಹಿಡಿದ ಕೈ ಬದಲಾಗಲಿಲ್ಲ. ಕೊನೆಗೆ ಚಿನ್ನ ಅವನ ಜೊತೆ ಸಮುದ್ರದ ಪಾಲಾಗುತ್ತದೆ. ತಾಯಿಗೆ ಕೊಟ್ಟ ಮಾತು ಉಳಿಯಿತು. ಅಗೆದವರ ಪಾಲು ಎಲ್ಲಿ ಅಂತ ಥಿಯೇಟರಿನಲ್ಲಿ ಯಾರೂ ಕೇಳಲಿಲ್ಲ. ನಾವೂ ಸಿಳ್ಳೆ ಹೊಡೆಯುವುದರಲ್ಲಿದ್ದೆವು.

ಎರಡನೇ ಭಾಗ ತೆರೆಗೆ ಬಂದ ದಿನ ಏಪ್ರಿಲ್ ೧೪. ರಜೆ ನೋಡಿ ಇಟ್ಟ ತಾರೀಕು ಇರಬಹುದು, ನಾವು ಅದರಲ್ಲಿ ಪಿತೂರಿ ಹುಡುಕುವುದಿಲ್ಲ. ಆದರೆ ನೆನಪಿರಲಿ: ಅದು ಬಾಬಾಸಾಹೇಬರ ಹುಟ್ಟಿದ ದಿನ. ಆ ದಿನ ನೀಲಿ ಬಾವುಟ ಹಾರುವ ಊರಿನ ಹೆಸರಿಟ್ಟುಕೊಂಡ ಚಿತ್ರದಲ್ಲಿ ಆ ಬಾವುಟಕ್ಕೆ ಒಂದು ಮೂಲೆಯೂ ಇರಲಿಲ್ಲ.

ತಮಿಳಿನ ಪಾ. ರಂಜಿತ್ ೨೦೨೪ರ ಆಗಸ್ಟ್ ೧೫ರಂದು 'ತಂಗಲಾನ್' ತಂದರು. ಅದರಲ್ಲಿ ಉತ್ತರ ಆರ್ಕಾಡಿನ ಅಸ್ಪೃಶ್ಯ ಜನ ಚಿನ್ನ ಹುಡುಕಿ ಬರುತ್ತಾರೆ. ಅವರಿಗೆ ಹೆಸರಿದೆ, ನೆಲದ ನೆನಪಿದೆ, ಬುದ್ಧ ಇದ್ದಾನೆ. ಅದೂ ಪೂರ್ತಿ ಗೆದ್ದ ಚಿತ್ರವಲ್ಲ. ಮಾಯ ಮಂತ್ರದ ಹೊಗೆ ಹೆಚ್ಚಾಗಿ ಎಷ್ಟೋ ಕಡೆ ಮನುಷ್ಯರೇ ಕಾಣುವುದಿಲ್ಲ. ಆದರೂ ಕಥೆ ಯಾರದ್ದು ಎಂಬ ಪ್ರಶ್ನೆಗೆ ಅದು ಸರಿಯಾದ ಕಡೆ ಬೆರಳು ತೋರಿಸಿತು. ಕರ್ನಾಟಕದೊಳಗಿನ ಊರಿನ ದಲಿತರ ಕಥೆ ಹೇಳಲು ಮದರಾಸಿನ ದಲಿತ ನಿರ್ದೇಶಕ ಬರಬೇಕಾಯಿತು. ಇಲ್ಲಿಗೆ ನಾವು ನಮ್ಮ ಕಡೆಗೇ ತಿರುಗಬೇಕಾಗಿದೆ.

೪

ಸಿನಿಮಾದವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಾವು ಏನು ಮಾಡಿದೆವು?

ಕೋಲಾರ ಜಿಲ್ಲೆ ದಲಿತ ಚಳವಳಿಯ ತವರುಗಳಲ್ಲಿ ಒಂದು. ನಮ್ಮ ಹಾಡು, ನಮ್ಮ ಜಾಥಾ, ನಮ್ಮ ತಮಟೆ ಈ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಕೇಳಿಸಿದವು. ಆದರೆ ಅದೇ ಜಿಲ್ಲೆಯ ಮಡಿಲಲ್ಲಿದ್ದ, ದಕ್ಷಿಣ ಭಾರತದಲ್ಲೇ ದಲಿತ ಕಾರ್ಮಿಕರ ಅತಿದೊಡ್ಡ ನೆಲೆಗಳಲ್ಲಿ ಒಂದಾದ ಈ ಊರು ನಮ್ಮ ಸಾಹಿತ್ಯದಲ್ಲಿ ಎಷ್ಟಿದೆ? ಬಂಡಾಯದ ಕಥೆಗಳಲ್ಲಿ ಜೀತದಾಳು ಇದ್ದಾನೆ, ಚಪ್ಪಲಿ ಹೊಲಿಯುವವನು ಇದ್ದಾನೆ, ಕೆರೆಗೆ ಬಿದ್ದ ಹೊಲಗೇರಿಯ ಹುಡುಗಿ ಇದ್ದಾಳೆ. ಕೇಜಿನಲ್ಲಿ ನಿಂತು ಭೂಮಿಯೊಳಗೆ ಇಳಿಯುವ ಕಾರ್ಮಿಕ ಎಷ್ಟು ಕಥೆಗಳಲ್ಲಿ ಇದ್ದಾನೆ? ಬೆರಳೆಣಿಕೆಗೂ ಕಷ್ಟ.

ಕಾರಣ ನಮಗೆ ಗೊತ್ತು, ಹೇಳಲು ನಾಚಿಕೆ. ಅವನ ಮನೆಮಾತು ತಮಿಳು. ಕನ್ನಡದ ಹೆಮ್ಮೆ ಹೆಚ್ಚಾದ ಕಾಲದಲ್ಲಿ ಅವನು ಹೊರಗಿನವನಾದ. ೧೯೯೧ರ ಡಿಸೆಂಬರಿನಲ್ಲಿ ಕಾವೇರಿ ಹೆಸರಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಬಿದ್ದಾಗ ಸುಟ್ಟದ್ದು ಯಾರ ಗುಡಿಸಲು? ಬಂಗಲೆಯವರದ್ದಲ್ಲ. ಕೂಲಿ ಮಾಡುವವರದ್ದು, ಅವರಲ್ಲಿ ಎಷ್ಟೋ ಜನ ನಮ್ಮವರೇ. ಆ ದಿನಗಳಲ್ಲಿ ನಮ್ಮ ಪತ್ರಿಕೆಗಳು ಎಷ್ಟು ಗಟ್ಟಿಯಾಗಿ ಮಾತಾಡಿದವು ಎಂದು ಹಳೇ ಸಂಚಿಕೆ ತೆಗೆದು ನೋಡುವ ಧೈರ್ಯ ನಮಗೆ ಬೇಕು.

ಈಗ ವಿಚಿತ್ರ ನೋಡಿ. ಗಣಿ ಮುಚ್ಚಿ ಮೂರೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದಾಗ ಅದು 'ತಮಿಳರ ಸಮಸ್ಯೆ'. ಸಿನಿಮಾ ಸಾವಿರ ಕೋಟಿ ಮಾಡಿದಾಗ 'ನಮ್ಮ ಕೆ.ಜಿ.ಎಫ್, ಕನ್ನಡದ ಹೆಮ್ಮೆ'! ನಷ್ಟ ಬಂದರೆ ಅವರದ್ದು, ಲಾಭ ಬಂದರೆ ನಮ್ಮದು. ಇದು ಯಾವ ಲೆಕ್ಕ? ಸಾಹುಕಾರ ಜೀತದವನಿಗೆ ಹೇಳುವ ಲೆಕ್ಕ. ಕನ್ನಡ ಅಂದರೆ ಈ ನೆಲದಲ್ಲಿ ದುಡಿದು ಸತ್ತ ಎಲ್ಲರ ಉಸಿರನ್ನೂ ಒಳಗೆ ತೆಗೆದುಕೊಳ್ಳುವ ಭಾಷೆ ಅಂತ ನಾವು ನಂಬಿದ್ದರೆ, ಮಾರಿಕುಪ್ಪಂನ ತಮಿಳು ಮಾತಾಡುವ ಮುದುಕ ಕನ್ನಡದ ಚರಿತ್ರೆಯ ಮನುಷ್ಯ. ಅವನನ್ನು ಬಿಟ್ಟು ಬರೆದ ಕನ್ನಡ ಕಾರ್ಮಿಕ ಚರಿತ್ರೆ ಅರ್ಧ ಚರಿತ್ರೆ.

೫

ಮೂರನೆಯದು, ಊರು ಮತ್ತೆ ಏಳುತ್ತಿದೆ ಎಂಬ ಹೆಮ್ಮೆ. ಇದು ಬರೀ ಕನಸಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗ ೨೦೨೪ರ ಕೊನೆಯಲ್ಲಿ ವಾಹನಗಳಿಗೆ ತೆರೆಯಿತು. ಗಣಿಯ ಖಾಲಿ ಜಮೀನಿನಲ್ಲಿ ಕೈಗಾರಿಕೆ ಬರುತ್ತದೆ ಎಂಬ ಮಾತು ಗಟ್ಟಿಯಾಗಿ ಕೇಳುತ್ತಿದೆ. ಸೈಟಿನ ಬೆಲೆ ಮಾತಾಡುವವರು ಟೀ ಅಂಗಡಿಗಳಲ್ಲಿ ಹೆಚ್ಚಾಗಿದ್ದಾರೆ. ೨೦೨೪ರ ಜೂನಿನಲ್ಲಿ ರಾಜ್ಯದ ಸಚಿವ ಸಂಪುಟ ೧೩ ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು ಸಾವಿರ ಎಕರೆ ಹರಡಿರುವ, ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣಿನ ರಾಶಿ. ಅಜ್ಜ ಅಗೆದು ಮೇಲೆ ಹಾಕಿದ ಕಸದಲ್ಲಿ ಇನ್ನೂ ಚಿನ್ನ ಇದೆಯಂತೆ.

ಇರಲಿ, ತೆಗೆಯಲಿ. ಕೆಲಸ ಬೇಡ ಎಂದು ಹೇಳಲು ನಾವ್ಯಾರು? ನಾಲ್ಕು ಗಂಟೆಗೆ ಎದ್ದು ರೈಲು ಹಿಡಿಯುವ ತಾಯಿಗೆ ಊರಲ್ಲೇ ಕೆಲಸ ಸಿಕ್ಕರೆ ಅದಕ್ಕಿಂತ ಸಂತೋಷ ನಮಗಿಲ್ಲ. ಆದರೆ ಗಣಿ ಮುಚ್ಚಿದ ಮೇಲೆ ಈ ಊರಿನ ಕಾರ್ಮಿಕ ಲೈನುಗಳಲ್ಲಿ ಏನು ನಡೆಯಿತು ಅಂತ ನೆನಪು ಇಟ್ಟುಕೊಂಡೇ ಈ ಮಾತು ಆಡಬೇಕು. ಕಂಪನಿ ಕಾಲದ ನೀರಿಲ್ಲದ ಸಾಮೂಹಿಕ ಪಾಯಿಖಾನೆಗಳು ಹಾಗೇ ಉಳಿದವು. ಅವನ್ನು ಕೈಯಿಂದ ಬಳಿಯುವ ಕೆಲಸವೂ ಉಳಿಯಿತು. ಮಲ ಹೊರುವುದನ್ನು ಕಾನೂನು ೧೯೯೩ರಲ್ಲೇ ನಿಷೇಧಿಸಿತ್ತು. ೨೦೧೧ರಲ್ಲಿ ಈ ಊರಿನ ಮಲದ ಗುಂಡಿಗಿಳಿದ ಮೂವರು ಅಲ್ಲೇ ಉಸಿರುಗಟ್ಟಿ ಸತ್ತರು. ಅಜ್ಜನನ್ನು ಚಿನ್ನದ ಗುಂಡಿಗೆ ಇಳಿಸಿದ ಜಾತಿ ಮೊಮ್ಮಗನನ್ನು ಮಲದ ಗುಂಡಿಗೆ ಇಳಿಸಿತು. ಚಿನ್ನ ಮುಗಿಯಿತು, ಜಾತಿ ಮುಗಿಯಲಿಲ್ಲ. ಊರಿನ 'ಪುನರ್ಜನ್ಮ'ದ ಬಗ್ಗೆ ಬರೆಯುವವರು ಈ ಒಂದು ವಾಕ್ಯವನ್ನು ಸೇರಿಸಿಕೊಂಡು ಬರೆಯಲಿ, ಆಮೇಲೆ ನಾವೂ ಚಪ್ಪಾಳೆ ತಟ್ಟುತ್ತೇವೆ.

ಹಾಗಾಗಿ ನಮ್ಮ ಪ್ರಶ್ನೆಗಳು ಸರಳ. ದಿಬ್ಬ ಅಗೆದರೆ ಧೂಳು ಏಳುತ್ತದೆ. ಗಾಳಿ ಬೀಸಿದ ದಿನ ಆ ಧೂಳು ಈಗಲೇ ಮನೆಯೊಳಗಿನ ಅನ್ನದ ತಟ್ಟೆಯಲ್ಲಿ ಕೂರುತ್ತದೆ. ಅದನ್ನು ತಡೆಯುವವರು ಯಾರು? ಕೆಲಸ ಬಂದರೆ ಗಣಿ ಕಾರ್ಮಿಕರ ಮಕ್ಕಳಿಗೆ ಎಷ್ಟು, ಕಂತ್ರಾಟುದಾರನ ಕಡೆಯವರಿಗೆ ಎಷ್ಟು? ಕಾಯಂ ಕೆಲಸವೋ, ಬೆಳಿಗ್ಗೆ ಕರೆದು ಸಂಜೆ ಕಳಿಸುವ ಕೂಲಿಯೋ? ತಲೆಮಾರುಗಳಿಂದ ಬದುಕಿದ ಲೈನ್ ಮನೆಗಳ ಜನ ಹೊಸ ನಕ್ಷೆಯಲ್ಲಿ ಎಲ್ಲಿರುತ್ತಾರೆ? ಬಂಡವಾಳ ಬಂದರೆ ಊರು ಉದ್ಧಾರವಾಗುತ್ತದೆ ಅಂತ ಹೇಳುವವರಿಗೆ ಒಂದು ನೆನಪು. ಬಂಡವಾಳ ಈ ಊರಿಗೆ ಹೊಸದಾಗಿ ಬರುತ್ತಿಲ್ಲ. ೧೮೮೦ರಲ್ಲೇ ಬಂದಿತ್ತು. ಬಂದು, ಉಂಡು, ಎಲೆ ಎತ್ತದೆ ಎದ್ದುಹೋಯಿತು.

೬

ಹಾಗಾದರೆ ಈ ಊರಿನವರು ಯಾವುದಕ್ಕೆ ಹೆಮ್ಮೆ ಪಡಬೇಕು? ಯಾವುದಕ್ಕೂ ಬೇಡ ಎಂದು ಹೇಳಿ ಎದ್ದುಹೋಗುವುದು ವಿಮರ್ಶೆಯಲ್ಲ, ಸೊಕ್ಕು.

ಬೆರಳಚ್ಚು ಕೊಡಲೊಲ್ಲೆವು ಎಂದು ಗಣಿ ನಿಲ್ಲಿಸಿದ ೧೯೩೦ರ ಅಜ್ಜಂದಿರಿಗೆ ಹೆಮ್ಮೆ ಪಡಲಿ. ೧೯೪೬ರಲ್ಲಿ ಬಿದ್ದ ಆರು ಮಂದಿಗೆ ಪಡಲಿ. ಕೂಲಿ ಕಾಸಿನಲ್ಲಿ ಬುದ್ಧನ ಪುಸ್ತಕ ಅಚ್ಚು ಹಾಕಿಸಿದವರಿಗೆ ಪಡಲಿ. ಸಿಲಿಕೋಸಿಸ್ ಹಿಡಿದ ಗಂಡನ ಎದೆ ನೀವುತ್ತಾ, ಮಕ್ಕಳ ಫೀಸು ಹೊಂದಿಸಿ ಓದಿಸಿದ ಹೆಂಗಸರಿಗೆ ಪಡಲಿ. ಮೂರೂ ಬಗೆಯ ಹೆಮ್ಮೆಯಲ್ಲಿ ಈ ಹೆಂಗಸರಿಗೆ ಜಾಗವೇ ಇಲ್ಲ. ೧೯೬೫ರಲ್ಲಿ ಈ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು, ಜಗತ್ತಿನಲ್ಲೇ ಮೊದಲು ಕಂಡವರಲ್ಲಿ ಅವರು. ಆ ಹೆಮ್ಮೆಯೂ ಇರಲಿ. ಆದರೆ ಅಷ್ಟು ಆಳವನ್ನು ತೋಡಿದ ಕೈ ಯಾವುದೆಂದು ಅದರ ಪಕ್ಕದಲ್ಲೇ ಬರೆಯಲಿ.

ಇದು ತಾನಾಗಿ ಆಗುವ ಕೆಲಸ ಅಲ್ಲ. ಗಣಿಯಲ್ಲಿ ದುಡಿದ ಕೊನೆಯ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಅವರು ಹೋದರೆ ಅವರ ಜೊತೆಗೆ ಷಾಫ್ಟುಗಳ ಹೆಸರು, ಅಪಘಾತದ ದಿನಗಳು, ಮುಷ್ಕರದ ಹಾಡುಗಳು, ತಮಿಳು ತೆಲುಗು ಕನ್ನಡ ಬೆರೆತ ಗಣಿಯ ಮಾತು ಎಲ್ಲ ಹೋಗುತ್ತದೆ. ಕಾಲೇಜಿನ ಹುಡುಗರೇ, ನಿಮ್ಮ ಕೈಯಲ್ಲಿ ಈಗ ಫೋನು ಇದೆ. ಅಜ್ಜನ ಮುಂದೆ ಕೂತು ಒಂದು ಗಂಟೆ ಮಾತು ಹಿಡಿದಿಡಿ. ಅಜ್ಜಿಯನ್ನೂ ಬಿಡಬೇಡಿ. ಮೇಷ್ಟ್ರುಗಳೇ, ಕೋಲಾರ ಚಿನ್ನದ ಪಾಠ ಮಾಡುವಾಗ ಎಷ್ಟು ಟನ್ ಎಂದು ಹೇಳಿ ಪುಟ ತಿರುಗಿಸಬೇಡಿ. ಯಾರು ಅಗೆದರು ಎಂದು ಮಕ್ಕಳನ್ನು ಕೇಳಿ. ಸಂಘಟನೆಯ ಗೆಳೆಯರೇ, ನವೆಂಬರ್ ೪ ಬರೀ ಗಣಿ ಸಂಘದವರ ದಿನ ಅಲ್ಲ, ನಮ್ಮದೂ ದಿನ. ಅಯೋತಿ ದಾಸರ ಬರಹ ಕನ್ನಡಕ್ಕೆ ಹೆಚ್ಚುಹೆಚ್ಚಾಗಿ ಬರಬೇಕು. ಈ ಪತ್ರಿಕೆಯ ಪುಟಗಳಲ್ಲಿ ಅಂಥ ಬರಹಕ್ಕೆ ಜಾಗ ಇದೆ. ಕನ್ನಡದಲ್ಲೇ ಬರೆಯಬೇಕು ಅಂತಿಲ್ಲ, ತಮಿಳಲ್ಲಿ ಕಳಿಸಿ, ನ್ಯಾಯವಾಗಿ ಕನ್ನಡಕ್ಕೆ ತರುವ ಜವಾಬ್ದಾರಿ ನಮ್ಮದು. ಇಷ್ಟು ವರ್ಷ ಕೇಳದೆ ಇದ್ದದ್ದಕ್ಕೆ ನಾವು ಕಟ್ಟಬೇಕಾದ ಬಾಕಿ ಅದು.

ರೈಲಿನ ಆ ಹುಡುಗನ ಮಾತು ಅಲ್ಲಿಗೇ ಮುಗಿಯಲಿಲ್ಲ. ಹಿರಿಯರು ಇಳಿದುಹೋದ ಮೇಲೆ ನಾವು ಕೇಳಿದೆವು, ನಿಮ್ಮ ತಾತ ಗಣಿಯಲ್ಲಿದ್ದರಾ ಅಂತ. "ಇದ್ರು ಸಾರ್, ಚಾಂಪಿಯನ್ ರೀಫಲ್ಲಿ. ಕೆಮ್ಮಿ ಕೆಮ್ಮಿ ತೀರಿಕೊಂಡ್ರು. ನಾನಾಗ ಚಿಕ್ಕವನು" ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಯಾರೂ ಕೇಳಲ್ಲ ಸಾರ್, ಎಲ್ರೂ ಸಿನಿಮಾನೇ ಕೇಳ್ತಾರೆ" ಎಂದ.

ಹಾಗಾದರೆ ಇನ್ನು ಮೇಲೆ ನಾವು ಕೇಳೋಣ.